ಕ್ಲೈಮ್ಯಾಕ್ಸ್ ಹೆಸರಲ್ಲೇ ಇದೆ, ಮತ್ತೇನು ನೋಡೋದು?

ಸಿನಿಮಾದ ಹೆಸರು 'ದಿ ಅಸಾಸಿನೇಶನ್ ಆಫ್ ಜೆಸ್ಸಿ ಜೇಮ್ಸ್ ಬೈ ದಿ ಕವರ್ಡ್ ರಾಬರ್ಟ್ ಫೋರ್ಡ್'. ಒಂದೇ ಉಸಿರಲ್ಲಿ ಹೇಳೋದು ಕಷ್ಟ. ಕೌಂಟರಿನಲ್ಲಿ ಇದನ್ನ ಪೂರ್ತಿ ಹೇಳಿ ಟಿಕೆಟ್ ತಗೊಂಡವರು ಯಾರಾದರೂ ಇದ್ದರೆ ಅವರಿಗೊಂದು ದೊಡ್ಡ ನಮಸ್ಕಾರ. ಹೇಡಿ ರಾಬರ್ಟ್ ಫೋರ್ಡ್, ಜೆಸ್ಸಿ ಜೇಮ್ಸ್‌ನನ್ನು ಕೊಂದ ಕತೆ. ಸಾಯೋನು ಯಾರು, ಕೊಲ್ಲೋನು ಯಾರು, ಕೊಂದವನು ಎಂಥವನು, ಮೂರೂ ಪೋಸ್ಟರಿನಲ್ಲೇ ಗೊತ್ತಾಗಿಬಿಟ್ಟಿತು. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಸ್ಪಾಯ್ಲರ್ ಹಾಕಿದರೆ ವಾರಗಟ್ಟಲೆ ಮಾತು ಬಿಡುವ ನಮ್ಮಂಥವರಿಗೆ ಇದು ಸ್ವಲ್ಪ ವಿಚಿತ್ರವೇ.

2007ರಲ್ಲಿ ಬಂದ ಚಿತ್ರ. ನಿರ್ದೇಶಕ ಆಂಡ್ರ್ಯೂ ಡಾಮಿನಿಕ್. ರಾನ್ ಹ್ಯಾನ್ಸೆನ್ 1983ರಲ್ಲಿ ಇದೇ ಹೆಸರಲ್ಲಿ ಬರೆದ ಕಾದಂಬರಿ ಮೂಲ. ಬ್ರಾಡ್ ಪಿಟ್ ಜೆಸ್ಸಿ ಜೇಮ್ಸ್, ಕೇಸಿ ಅಫ್ಲೆಕ್ ಬಾಬ್ ಫೋರ್ಡ್ (ರಾಬರ್ಟನ್ನು ಎಲ್ಲರೂ ಕರೆಯೋದು ಬಾಬ್ ಅಂತ). ಎರಡು ಗಂಟೆ ನಲವತ್ತು ನಿಮಿಷ. ಬ್ರಾಡ್ ಪಿಟ್ ಕುದುರೆ ಮೇಲೆ ಕೂತು ಢಂ ಢಂ ಅನ್ನಿಸ್ತಾನೆ ಅಂತ ಹೋದವರಿಗೆ ಭಯಂಕರ ನಿರಾಸೆಯಾಯಿತು, ಥಿಯೇಟರಿನಲ್ಲಿ ಓಡಲಿಲ್ಲ. ಈಗಲೂ ಇದರ ಬಗ್ಗೆ ಮಾತು ಬಂದರೆ ಕೇಳಿಬರುವ ಮೊದಲ ದೂರು ಒಂದೇ: "ತುಂಬಾ ಸ್ಲೋ ಮಾರಾಯಾ."

ಕೊನೆ ಗೊತ್ತಿದ್ದೂ ಕತೆ ನೋಡೋದು ನಮಗೇನು ಹೊಸದಲ್ಲ. ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೇ ಬೆಳಗಿನ ಜಾವದವರೆಗೆ ಯಕ್ಷಗಾನ ನೋಡೋ ಜನ ನಾವು. ರಾಮ್ ಗೋಪಾಲ್ ವರ್ಮಾ 2016ರಲ್ಲಿ 'ಕಿಲ್ಲಿಂಗ್ ವೀರಪ್ಪನ್' ಮಾಡಿದಾಗಲೂ ಹೆಸರಲ್ಲೇ ಸಾವಿತ್ತು. ಆದರೆ ಅಲ್ಲಿ ಆ ಸಾವು ಪೊಲೀಸರು ತಲುಪಬೇಕಾದ ಗುರಿ. ತಲುಪಿದರೆ ಕತೆಗೆ ಇನ್ನೇನೂ ಕೆಲಸ ಇಲ್ಲ. ಡಾಮಿನಿಕ್ ಸಿನಿಮಾದಲ್ಲಿ ಗುಂಡು ಹಾರಿದ ಮೇಲೂ ಅರ್ಧ ಗಂಟೆ ಹತ್ತಿರ ಸಿನಿಮಾ ಬಾಕಿ ಇರುತ್ತೆ. ಜನ ಎದ್ದು ಚಪ್ಪಲಿ ಹುಡುಕೋದು ಅಲ್ಲೇ. ನನ್ನ ಪ್ರಕಾರ ಸಿನಿಮಾ ಇರೋದೇ ಆ ಅರ್ಧ ಗಂಟೆಗೋಸ್ಕರ. ಜೊತೆಗೆ, ಹೆಸರು ಓದುವಾಗ ನಾವು ಸುಮ್ಮನೆ ದಾಟಿಬಿಡುವ 'ಹೇಡಿ' ಅನ್ನೋ ಆ ಒಂದು ಪದಕ್ಕೋಸ್ಕರ.

ಮೊದಲು ಜೆಸ್ಸಿ ಯಾರು ಅಂತ ಚುಟುಕಾಗಿ. 1847ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದವನು. ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ಕುಟುಂಬ. ಅಂತರ್ಯುದ್ಧದಲ್ಲಿ ಇನ್ನೂ ಮೀಸೆ ಸರಿಯಾಗಿ ಬರದ ವಯಸ್ಸಿಗೇ ದಕ್ಷಿಣದವರ ಪರ ಗೆರಿಲ್ಲಾ ಗುಂಪು ಸೇರಿದ. ಯುದ್ಧ ಮುಗಿದ ಮೇಲೆ ಅಣ್ಣ ಫ್ರ್ಯಾಂಕ್ ಜೊತೆ ಬ್ಯಾಂಕು, ರೈಲು ದೋಚಿದ. ಬಡವರಿಗೆ ಹಂಚಿದ ಅನ್ನೋದಕ್ಕೆ ಪುರಾವೆ ಇಲ್ಲ. ಆದರೆ ಜಾನ್ ನ್ಯೂಮನ್ ಎಡ್ವರ್ಡ್ಸ್ ಅಂತ ಒಬ್ಬ ಪತ್ರಿಕಾ ಸಂಪಾದಕ ಇದ್ದ. ಅವನೂ ದಕ್ಷಿಣದ ಸೈನ್ಯದಲ್ಲಿದ್ದವನೇ. ಅವನು ಬರೆದೂ ಬರೆದೂ ಜೆಸ್ಸಿಯನ್ನ ರಾಬಿನ್ ಹುಡ್ ಮಾಡಿಟ್ಟ. ಇವತ್ತಿನ ಭಾಷೆಯಲ್ಲಿ ಪಿಆರ್ ಅನ್ನಬಹುದು.

ದರೋಡೆಕೋರರ ಸಿನಿಮಾಗಳಿಗೆ ಒಂದು ರೆಡಿಮೇಡ್ ಅಚ್ಚು ಇರೋದು ನಿಮಗೂ ಗೊತ್ತು. ಒಳ್ಳೆ ಹುಡುಗ, ಅವನ ಮನೆಯವರಿಗೆ ಅನ್ಯಾಯ, ಬಂದೂಕು ಹಿಡೀತಾನೆ, ಗ್ಯಾಂಗು, ಹೆಸರು, ಹಾಡು, ದ್ರೋಹ, ಸಾವು. ಇದರಲ್ಲಿ ಎಷ್ಟು ಸುಳ್ಳು ಸೇರಿಸಬಹುದು ಅನ್ನೋದಕ್ಕೆ 1939ರ 'ಜೆಸ್ಸಿ ಜೇಮ್ಸ್' ಚಿತ್ರ ನೋಡಬೇಕು. ಟೈರೋನ್ ಪವರ್ ಹೀರೋ. ಅದರಲ್ಲಿ ರೈಲ್ವೆ ಕಂಪನಿಯವರು ಮನೆ ಮೇಲೆ ಬಾಂಬ್ ಎಸೆದು ತಾಯಿಯನ್ನ ಕೊಲ್ತಾರೆ, ಆಮೇಲೆ ಮಗ ದರೋಡೆಗೆ ಇಳೀತಾನೆ. ನಿಜವಾಗಿ ನಡೆದದ್ದು ಏನು? ಪಿಂಕರ್ಟನ್ ಪತ್ತೇದಾರರು ಮನೆಯೊಳಕ್ಕೆ ಬೆಂಕಿಯ ಉಂಡೆ ಎಸೆದದ್ದು 1875ರ ಜನವರಿಯಲ್ಲಿ. ಆ ಹೊತ್ತಿಗೆ ಜೆಸ್ಸಿ ವರ್ಷಗಟ್ಟಲೆ ದರೋಡೆ ಮಾಡಿ ದೇಶಕ್ಕೆಲ್ಲ ಗೊತ್ತಾಗಿದ್ದ. ಸತ್ತದ್ದು ಅವನ ಪುಟ್ಟ ತಮ್ಮ. ತಾಯಿ ಒಂದು ಕೈ ಕಳೆದುಕೊಂಡಳು, ಆದರೆ 1911ರವರೆಗೂ ಬದುಕಿದ್ದಳು. ಚಿತ್ರಕತೆ ಬರೆದವರು ಮಾಡಿದ ದೊಡ್ಡ ಕೆಲಸ ಅಂದರೆ ಈ ಘಟನೆಯನ್ನ ಎತ್ತಿ ಹಿಂದಿದ್ದದ್ದನ್ನ ಮುಂದಕ್ಕೆ ಇಟ್ಟದ್ದು. ಅಷ್ಟೇ. ಕಳ್ಳ ಹೀರೋ ಆಗಿಬಿಟ್ಟ!

ಡಾಮಿನಿಕ್ ಈ ಇಡೀ ಅಚ್ಚನ್ನೇ ಕಿತ್ತು ಬಿಸಾಕ್ತಾನೆ. ಬಾಲ್ಯ ಇಲ್ಲ, ಯುದ್ಧ ಇಲ್ಲ. 1876ರ ಸೆಪ್ಟೆಂಬರ್ 7ರಂದು ಮಿನೆಸೋಟದ ನಾರ್ತ್‌ಫೀಲ್ಡ್‌ನಲ್ಲಿ ಬ್ಯಾಂಕ್ ದೋಚಲು ಹೋಗಿ ಊರಿನವರ ಗುಂಡಿಗೆ ಸಿಕ್ಕು ಗ್ಯಾಂಗು ಚಿಂದಿಯಾದ ಘಟನೆ ಇದೆಯಲ್ಲ, ಬೇರೆ ಯಾವ ನಿರ್ದೇಶಕನಾದರೂ ಅದನ್ನ ಇಂಟರ್ವಲ್‌ಗೆ ಇಡ್ತಿದ್ದ. ಇಲ್ಲಿ ಅದನ್ನ ತೋರಿಸೋದೇ ಇಲ್ಲ. ಸಿನಿಮಾ ಶುರುವಾಗೋದು ಸರಿಯಾಗಿ ಐದು ವರ್ಷ ಕಳೆದ ಮೇಲೆ, 1881ರ ಸೆಪ್ಟೆಂಬರ್ 7ರಂದು, ಬ್ಲೂ ಕಟ್ ಅನ್ನೋ ಜಾಗದ ರೈಲು ದರೋಡೆಯ ದಿನ. ಅದು ಅವರ ಕೊನೆಯ ದರೋಡೆ. ಹಳೇ ಗ್ಯಾಂಗಿನವರು ಸತ್ತೋ ಜೈಲು ಸೇರಿಯೋ ಆಗಿದೆ, ಈಗ ಇರೋರು ಅಲ್ಲಿ ಇಲ್ಲಿ ಹುಡುಕಿ ತಂದ ಹಳ್ಳಿ ಹುಡುಗರು. ಅವರಲ್ಲಿ ಹತ್ತೊಂಬತ್ತರ ಬಾಬ್ ಒಬ್ಬ. ಹಲ್ಲು ಕಿರಿದುಕೊಂಡು ಬಂದು, ನನ್ನನ್ನೂ ಸೇರಿಸಿಕೊಳ್ಳಿ ಅಂತ ಮೊದಲು ಫ್ರ್ಯಾಂಕ್ ಹತ್ತಿರ ಗೋಗರೀತಾನೆ. ಫ್ರ್ಯಾಂಕ್ ಓಡಿಸ್ತಾನೆ. ಆಮೇಲೆ ಜೆಸ್ಸಿ ಹತ್ತಿರ ಬರ್ತಾನೆ.

ರಾತ್ರಿ ರೈಲು ಬರೋ ದೃಶ್ಯವನ್ನ ಕ್ಯಾಮೆರಾಮನ್ ರೋಜರ್ ಡೀಕಿನ್ಸ್ ತೆಗೆದ ರೀತಿಗೇ ಟಿಕೆಟ್ ದುಡ್ಡು ವಸೂಲು. ಕತ್ತಲ ಕಾಡು, ದೂರದಿಂದ ಬರುವ ಇಂಜಿನ್ನಿನ ದೀಪ, ಅದರ ಬೆಳಕಿನಲ್ಲಿ ಒಂದೊಂದೇ ಮರ ಎದ್ದು ಬಂದ ಹಾಗೆ ಕಾಣುತ್ತೆ. ಜೆಸ್ಸಿ ಹಳಿ ಮೇಲೆ ದೇವರ ಥರ ನಿಂತಿದ್ದಾನೆ. ಇಷ್ಟೆಲ್ಲ ವೈಭವ ಮುಗಿದು ರೈಲಿನೊಳಗೆ ಹೋದರೆ ನಡೆಯೋದು ಮಾತ್ರ ಕೊಳಕು ಕೆಲಸ. ತಿಜೋರಿಯಲ್ಲಿ ಅಂದುಕೊಂಡಷ್ಟು ದುಡ್ಡಿಲ್ಲ. ಜೆಸ್ಸಿ ಅಲ್ಲಿದ್ದ ಗುಮಾಸ್ತನ ತಲೆಗೆ ಪಿಸ್ತೂಲಿನಿಂದ ಬಾರಿಸ್ತಾನೆ. ಮೊದಲ ಅರ್ಧ ಗಂಟೆಯೊಳಗೇ ಸಿನಿಮಾದ ಏಕೈಕ ದೊಡ್ಡ ಆಕ್ಷನ್ ಸೀನ್ ಖರ್ಚಾಗಿಹೋಯಿತು.

ಈಗ ಒಂದು ಸಣ್ಣ ಲೆಕ್ಕ. ಅಲ್ಲಿಂದ ಜೆಸ್ಸಿ ಸಾಯೋ 1882ರ ಏಪ್ರಿಲ್ 3ರವರೆಗೆ ಸುಮಾರು ಏಳು ತಿಂಗಳು. ಅದಕ್ಕೆ ಎರಡು ಗಂಟೆಯ ಮೇಲೆ ಸಿನಿಮಾ. ಅಲ್ಲಿಂದ ಬಾಬ್ ಸಾಯೋ 1892ರ ಜೂನ್ 8ರವರೆಗೆ ಹತ್ತು ವರ್ಷ. ಅದಕ್ಕೆ ಅರ್ಧ ಗಂಟೆಗೂ ಕಡಿಮೆ. ಮೊದಲನೆಯದು ಕಾಯುವ ಕಾಲ, ಎಳೆದಷ್ಟೂ ಉದ್ದ. ಎರಡನೆಯದು ಎಲ್ಲ ಮುಗಿದುಹೋದ ಮೇಲಿನ ಕಾಲ, ಕ್ಯಾಲೆಂಡರ್ ಹಾಳೆ ಹರಿದ ಹಾಗೆ. ಸ್ಲೋ ಅನ್ನೋ ದೂರು ಸುಳ್ಳಲ್ಲ. ಆದರೆ ಆ ನಿಧಾನವನ್ನ ಎಲ್ಲಿ ಇಟ್ಟಿದ್ದಾನೆ, ಎಲ್ಲಿ ಇಟ್ಟಿಲ್ಲ ಅಂತ ನೋಡಿ.

ಮಧ್ಯದ ಭಾಗದಲ್ಲಿ ಜೆಸ್ಸಿ ತುಂಬಾ ಹೊತ್ತು ಕಾಣೋದೇ ಇಲ್ಲ. ಬದಲಿಗೆ ವುಡ್ ಹೈಟ್, ಡಿಕ್ ಲಿಡಿಲ್ ಅಂತ ಗ್ಯಾಂಗಿನ ಇಬ್ಬರ ಜಗಳ. ವುಡ್‌ನ ಅಪ್ಪನ ಎಳೇ ವಯಸ್ಸಿನ ಹೆಂಡತಿ ಮೇಲೆ ಡಿಕ್ ಕಣ್ಣು ಹಾಕಿದ ವಿಷಯ. ಮೊದಲ ಸಲ ನೋಡುವಾಗ ಇವರೆಲ್ಲ ಯಾರು, ನನಗ್ಯಾಕೆ ಇದು, ಅನ್ನಿಸೋದು ಸಹಜ. ಎರಡನೇ ಸಲ ನೋಡಿದರೆ ಗೊತ್ತಾಗುತ್ತೆ, ಇಡೀ ಕತೆಯ ಬಾಗಿಲ ತಿರುಗಣೆ ಇಲ್ಲೇ ಇದೆ. ಚಳಿಗಾಲದ ಬೆಳಿಗ್ಗೆ, ಬಾಬ್‌ನ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ವುಡ್ ಮತ್ತು ಡಿಕ್ ಹತ್ತು ಅಡಿ ದೂರದಿಂದ ಒಬ್ಬರ ಮೇಲೊಬ್ಬರು ಗುಂಡು ಹಾರಿಸ್ತಾರೆ, ತಪ್ಪಿಸ್ತಾರೆ, ಮತ್ತೆ ಹಾರಿಸ್ತಾರೆ. ಹಾಸಿಗೆಯಲ್ಲಿದ್ದ ಬಾಬ್ ನೋಡಿ ನೋಡಿ ವುಡ್‌ನ ತಲೆಗೆ ಒಂದು ಗುಂಡು ಹೊಡೀತಾನೆ. ವುಡ್ ಹೈಟ್ ಜೆಸ್ಸಿಯ ಸೋದರ ಸಂಬಂಧಿ. ಹೆಣವನ್ನ ಹಿಮದಲ್ಲಿ ಎಸೆದು ಬರ್ತಾರೆ. ಅಲ್ಲಿಂದ ಮುಂದೆ ಜೆಸ್ಸಿ ಆ ಮನೆಗೆ ಬಂದು ಊಟಕ್ಕೆ ಕೂತರೆ ಸಾಕು, ನಮ್ಮ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತೆ. ಅವನಿಗೆ ಗೊತ್ತಾ? ಗೊತ್ತಿಲ್ಲವಾ? ಯಾರು ಸಾಯ್ತಾರೆ ಅನ್ನೋ ಕುತೂಹಲವನ್ನ ಹೆಸರಿನಲ್ಲೇ ಕೊಂದುಹಾಕಿದ ನಿರ್ದೇಶಕ, ಅದರ ಜಾಗದಲ್ಲಿ ತಂದಿಟ್ಟ ಕುತೂಹಲ ಇದು.

ಇನ್ನೊಂದು ಕಡೆ ಜೆಸ್ಸಿ ಸುಮ್ಮನೆ ಕೂತಿಲ್ಲ. ಗ್ಯಾಂಗಿನವರೇ ತನ್ನನ್ನ ಹಿಡಿದುಕೊಡ್ತಾರೆ ಅನ್ನೋ ಗುಮಾನಿ ಹತ್ತಿಬಿಟ್ಟಿದೆ. ಎಡ್ ಮಿಲ್ಲರ್ ಅನ್ನೋ ತನ್ನದೇ ಹುಡುಗನ ಮನೆಗೆ ಹೋಗಿ, ಬಾ ಒಂದು ಸುತ್ತು ಹೋಗಿ ಬರೋಣ ಅಂತ ಕರ್ಕೊಂಡು ಹೋಗಿ, ಕತ್ತಲಲ್ಲಿ ಹಿಂದಿನಿಂದ ಗುಂಡು ಹೊಡೀತಾನೆ.

ಹಿಂದಿನಿಂದ! ಇದನ್ನ ಗಮನಿಸಬೇಕು. ಏಪ್ರಿಲ್ 3ರ ಕೊಲೆಗೆ ಮುಂಚೆ ಸಿನಿಮಾ ನಮಗೆ ಇನ್ನೆರಡು ಕೊಲೆ ತೋರಿಸಿದೆ. ಒಂದು ಜೆಸ್ಸಿ ಮಾಡಿದ್ದು, ಬೆನ್ನಿಗೆ. ಇನ್ನೊಂದು ಬಾಬ್ ಮಾಡಿದ್ದು, ತನ್ನ ಕಡೆ ನೋಡದವನ ತಲೆಗೆ. ಅವೆರಡಕ್ಕೂ ಯಾರೂ ಹೇಡಿ ಅನ್ನೋ ಬಿರುದು ಕೊಡಲಿಲ್ಲ. ಮೂರನೆಯದಕ್ಕೆ ಮಾತ್ರ ಕೊಟ್ಟರು. ಕೆಲಸ ಅದೇ, ಬಂದೂಕು ಅದೇ, ಸತ್ತವನು ಮಾತ್ರ ಫೇಮಸ್. ಸಿನಿಮಾ ಇದನ್ನ ಯಾರ ಬಾಯಲ್ಲೂ ಹೇಳಿಸಲ್ಲ. ಮೂರು ಕೊಲೆಗಳನ್ನ ಒಂದರ ಹಿಂದೆ ಒಂದು ಇಟ್ಟು ಸುಮ್ಮನಾಗುತ್ತೆ. ಹೆಸರಿನಲ್ಲಿರೋ ಪದವನ್ನ ಕತೆ ಹೀಗೆ ಒಳಗಿನಿಂದ ಕೊರೆಯೋದನ್ನ ನಾನು ಬೇರೆ ಎಲ್ಲೂ ನೋಡಿಲ್ಲ.

ಕತೆ ಹೇಳುವ ಹಿನ್ನೆಲೆ ದನಿಯೂ ಇಂಥದ್ದೇ ಕಿತಾಪತಿ ಮಾಡುತ್ತೆ. ಹ್ಯೂ ರಾಸ್ ಅನ್ನೋರ ದನಿ. ಸ್ಕೂಲಿನಲ್ಲಿ ಪಾಠ ಓದಿದ ಹಾಗೆ ಏರಿಳಿತ ಇಲ್ಲದೆ ಜೆಸ್ಸಿಯ ಎತ್ತರ, ಗಾಯ, ಖಾಯಿಲೆಗಳ ವಿವರ ಕೊಡುತ್ತೆ. ಅವನಿಗೆ ಕಣ್ಣಿನ ರೆಪ್ಪೆಯ ತೊಂದರೆ ಇತ್ತು, ಎಲ್ಲರಿಗಿಂತ ಹೆಚ್ಚು ಕಣ್ಣು ಮಿಟುಕಿಸ್ತಿದ್ದ ಅನ್ನುತ್ತೆ. ತೆರೆ ಮೇಲೆ ಬ್ರಾಡ್ ಪಿಟ್ ನೋಡಿದರೆ ಕಣ್ಣು ಮಿಟುಕಿಸೋದೇ ಅಪರೂಪ. ಇದು ಕೈತಪ್ಪಿ ಆದದ್ದು ಅಂತ ನನಗನ್ನಿಸಲ್ಲ. ಹೇಳುವವನು ಒಂದು ಹೇಳ್ತಾನೆ, ನಮಗೆ ಕಾಣೋದು ಇನ್ನೊಂದು. ಎಡ್ವರ್ಡ್ಸ್ ಮಾಡಿದ್ದೂ ಇದನ್ನೇ ಅಲ್ಲವಾ.

ಇನ್ನು ಬಾಬ್. ಮಂಚದ ಕೆಳಗೆ ಒಂದು ಡಬ್ಬಿ ಇಟ್ಟಿದ್ದಾನೆ. ಒಳಗೆ ಜೆಸ್ಸಿ ಬಗ್ಗೆ ಬಂದ ಅಗ್ಗದ ಪುಸ್ತಕಗಳು, ಪೇಪರ್ ಕಟಿಂಗುಗಳು. ಚಿಕ್ಕಂದಿನಿಂದ ಕೂಡಿಟ್ಟದ್ದು. ಊಟದ ಟೇಬಲ್ ಮುಂದೆ, ಅಣ್ಣ ಚಾರ್ಲಿಯ ಒತ್ತಾಯಕ್ಕೆ, ತನಗೂ ಜೆಸ್ಸಿಗೂ ಏನೇನು ಹೋಲಿಕೆ ಅಂತ ಪಟ್ಟಿ ಒಪ್ಪಿಸ್ತಾನೆ. ಎತ್ತರ ಒಂದೇ, ಹೆಸರಿನ ಅಕ್ಷರಗಳ ಲೆಕ್ಕ ಒಂದೇ, ಹೀಗೆ. ಎಲ್ಲರೂ ನಗ್ತಾರೆ. ಜೆಸ್ಸಿ ಎಲ್ಲರಿಗಿಂತ ಜೋರಾಗಿ ನಗಿಸ್ತಾನೆ. ಕೇಸಿ ಅಫ್ಲೆಕ್ ಮುಖ ಆ ಹೊತ್ತಲ್ಲಿ ನೋಡಬೇಕು. ನಗಲೂ ಆಗದೆ ಅಳಲೂ ಆಗದೆ ತುಟಿ ಹಾಗೇ ಅಂಟಿಕೊಂಡಿರುತ್ತೆ. ಕೊಲೆ ನಿರ್ಧಾರ ಆದದ್ದು ಗವರ್ನರ್ ಕ್ರಿಟೆಂಡನ್ ಮುಂದೆ ಅಂತ ಇತಿಹಾಸ ಹೇಳಬಹುದು. ಸಿನಿಮಾ ಪ್ರಕಾರ ಅದು ಆ ಊಟದ ಟೇಬಲ್ಲಿನಲ್ಲೇ ಆಗಿಹೋಗಿತ್ತು. ಬಚ್ಚಲಲ್ಲಿ ತೊಟ್ಟಿಯಲ್ಲಿ ಕೂತ ಜೆಸ್ಸಿ ತಿರುಗದೆಯೇ ಬಾಬ್‌ನನ್ನ ಕೇಳ್ತಾನೆ: ನಿನಗೆ ನನ್ನ ಥರ ಆಗಬೇಕಾ, ಇಲ್ಲಾ ನಾನೇ ಆಗಬೇಕಾ? ಉತ್ತರ ಬರಲ್ಲ. ಆಮೇಲೆ ಸೇಂಟ್ ಜೋಸೆಫ್ ಊರಿನ ಬಾಡಿಗೆ ಮನೆಯಲ್ಲಿ, ಮನೆಯವರೆಲ್ಲ ಚರ್ಚಿಗೆ ಹೋದಾಗ, ಬಾಬ್ ಜೆಸ್ಸಿಯ ಕೋಣೆಗೆ ಹೋಗಿ ಅವನ ಲೋಟದಲ್ಲಿ ನೀರು ಕುಡಿದು ಅವನ ಹಾಸಿಗೆಯಲ್ಲಿ ಮಲಗ್ತಾನೆ. ಅದೇ ಉತ್ತರ.

ಆಸ್ಕರ್‌ನವರು ಕೇಸಿ ಅಫ್ಲೆಕ್‌ನನ್ನ ನಾಮಿನೇಟ್ ಮಾಡಿದ್ದು 'ಪೋಷಕ ನಟ' ವಿಭಾಗದಲ್ಲಿ. ಸಿನಿಮಾ ಮೊದಲಿಂದ ಕೊನೆವರೆಗೆ ಅವನದು. ಪಾಪ, ಬಾಬ್ ಫೋರ್ಡ್‌ಗೆ ಅಲ್ಲೂ ಎರಡನೇ ಸ್ಥಾನ.

ಏಪ್ರಿಲ್ 3ರ ಬೆಳಿಗ್ಗೆ. ಡಿಕ್ ಲಿಡಿಲ್ ಶರಣಾಗಿದ್ದಾನೆ ಅನ್ನೋ ಸುದ್ದಿ ಪೇಪರಿನಲ್ಲಿದೆ, ಜೆಸ್ಸಿ ಅದನ್ನ ಓದ್ತಾನೆ. ಆ ವಿಷಯ ತನಗೆ ಹೇಳದ ಅಣ್ಣತಮ್ಮಂದಿರು ಎದುರಿಗೇ ಕೂತಿದ್ದಾರೆ. ಅಲ್ಲಿಗೆ ಮುಗೀತು. ಈಗ ಕೊಲೆಯಾಗಬೇಕಾದ್ದು ಬಾಬ್ ಮತ್ತು ಚಾರ್ಲಿ. ಆದರೆ ಜೆಸ್ಸಿ ಎದ್ದು, ಸೊಂಟದ ಬಂದೂಕಿನ ಬೆಲ್ಟ್ ಬಿಚ್ಚಿ ಸೋಫಾ ಮೇಲೆ ಇಡ್ತಾನೆ. ಗೋಡೆ ಮೇಲಿನ ಚಿತ್ರಕ್ಕೆ ಧೂಳು ಕೂತಿದೆ ಅಂತ ಕುರ್ಚಿ ಹತ್ತಿ ಬೆನ್ನು ತಿರುಗಿಸ್ತಾನೆ. ನಿಜ ಜೀವನದಲ್ಲೂ ಅವನು ಬಂದೂಕು ಬಿಚ್ಚಿಟ್ಟೇ ಸತ್ತದ್ದು. ಸೆಕೆಗೆ ಕೋಟು ತೆಗೆದಿದ್ದ, ಬೀದಿಯವರಿಗೆ ಬಂದೂಕು ಕಾಣಬಾರದು ಅಂತ ಬಿಚ್ಚಿಟ್ಟ ಅನ್ನೋದು ಫೋರ್ಡ್ ಅಣ್ಣತಮ್ಮಂದಿರ ಹೇಳಿಕೆ. ಡಾಮಿನಿಕ್ ಆ ವಿವರವನ್ನ ಹಾಗೇ ಇಟ್ಟುಕೊಂಡು ಒಂದೇ ಒಂದು ಶಾಟ್ ಸೇರಿಸ್ತಾನೆ: ಚಿತ್ರದ ಗಾಜಿನಲ್ಲಿ ಹಿಂದೆ ಬಂದೂಕು ಎತ್ತಿದ ಬಾಬ್‌ನ ಬಿಂಬ. ಜೆಸ್ಸಿ ನೋಡ್ತಾನೆ, ತಿರುಗಲ್ಲ. ಆ ಬಂದೂಕು ಕೂಡ ಕೆಲವು ದಿನದ ಹಿಂದೆ ಅವನೇ ಕೊಟ್ಟ ಉಡುಗೊರೆ. ತನ್ನ ಸಾವಿನ ಸೀನನ್ನ ಅವನೇ ಡೈರೆಕ್ಟ್ ಮಾಡಿಕೊಂಡ ಹಾಗಿದೆ. ಬಾಬ್‌ಗೆ ಸಿಕ್ಕಿದ್ದು ಒಂದು ಪಾತ್ರ, ಅಷ್ಟೇ.

ಆ ಪಾತ್ರವನ್ನ ಅವನು ಆಮೇಲೆ ಬಿಡೋದೇ ಇಲ್ಲ. ಇಲ್ಲಿಂದಾಚೆಗಿನ ಅರ್ಧ ಗಂಟೆ ನನ್ನ ಮಟ್ಟಿಗೆ ಈ ಶತಮಾನದ ಒಳ್ಳೆಯ ಚಿತ್ರಕತೆ ಬರವಣಿಗೆಗಳಲ್ಲಿ ಒಂದು. ಜೆಸ್ಸಿಯ ಹೆಣವನ್ನ ಮಂಜುಗಡ್ಡೆ ಮೇಲೆ ಇಟ್ಟು ಫೋಟೋ ತೆಗೀತಾರೆ, ಆ ಫೋಟೋ ಅಂಗಡಿಗಳಲ್ಲಿ ಮಾರಾಟವಾಗುತ್ತೆ. ಫೋರ್ಡ್ ಅಣ್ಣತಮ್ಮಂದಿರಿಗೆ ಒಂದೇ ದಿನ ಗಲ್ಲು ಶಿಕ್ಷೆಯೂ ಆಯಿತು, ಗವರ್ನರ್ ಕ್ಷಮಾದಾನವೂ ಆಯಿತು. ಬಹುಮಾನದ ದುಡ್ಡು ಪೂರ್ತಿ ಕೈಸೇರಲಿಲ್ಲ. ಆಮೇಲೆ ನಾಟಕ ಕಂಪನಿ. ರಂಗದ ಮೇಲೆ ಬಾಬ್ ಬಾಬ್ ಆಗಿ, ಚಾರ್ಲಿ ಜೆಸ್ಸಿ ಆಗಿ, ಅದೇ ಕುರ್ಚಿ, ಅದೇ ಚಿತ್ರಪಟ, ಅದೇ ಗುಂಡು. ಎಂಟು ನೂರು ಸಲಕ್ಕಿಂತ ಹೆಚ್ಚು ಹೀಗೆ ಕೊಂದ ಅಂತ ಹಿನ್ನೆಲೆ ದನಿ ಲೆಕ್ಕ ಕೊಡುತ್ತೆ. ಆಫೀಸಿನಲ್ಲಿ ಒಂದೇ ಪಿಪಿಟಿಯನ್ನ ಹತ್ತು ಸಲ ತೋರಿಸಿ ಸುಸ್ತಾಗುವ ನಾವು ಇದನ್ನ ಸ್ವಲ್ಪ ಊಹಿಸಿಕೊಳ್ಳಬಹುದು. ದಿನ ಕಳೆದ ಹಾಗೆ ಚಾರ್ಲಿಯ (ಸ್ಯಾಮ್ ರಾಕ್‌ವೆಲ್, ಅದ್ಭುತ) ನಡಿಗೆ, ದನಿ ಎಲ್ಲ ಸತ್ತವನ ಹಾಗೇ ಆಗ್ತಾ ಹೋಗುತ್ತೆ. ತಮ್ಮನನ್ನ ನೋಡುವ ನೋಟ ಕೂಡ. ಸಭಿಕರಲ್ಲಿ ಒಬ್ಬ 'ಹೇಡಿ' ಅಂತ ಕೂಗ್ತಾನೆ, ಬಾಬ್ ರಂಗದಿಂದ ಹಾರಿ ಹೊಡೆಯೋಕೆ ಹೋಗ್ತಾನೆ. 1884ರಲ್ಲಿ ಚಾರ್ಲಿ ತಾನೇ ಗುಂಡು ಹೊಡೆದುಕೊಂಡು ಸತ್ತ.

ಇದರಲ್ಲಿ ನನಗೆ ಬಹಳ ಇಷ್ಟವಾದ ಸೀನ್ ಒಂದು ಹೆಂಡದಂಗಡಿಯದು. ಗಾಯಕನೊಬ್ಬ ಜೆಸ್ಸಿಯನ್ನ ಹೊಗಳಿ, ಕೊಂದವನನ್ನ ಬೈದು ಲಾವಣಿ ಹಾಡ್ತಿದ್ದಾನೆ. ಹಾಡ್ತಿರೋದು ಈ ಚಿತ್ರಕ್ಕೆ ವಾರೆನ್ ಎಲಿಸ್ ಜೊತೆ ಸಂಗೀತ ಕೊಟ್ಟ ನಿಕ್ ಕೇವ್. ಬಾಬ್ ಅಲ್ಲೇ ಕೂತಿದ್ದಾನೆ, ಯಾರಿಗೂ ಗೊತ್ತಿಲ್ಲ. ಕೊನೆಗೆ ಎದ್ದು ತಾನು ಯಾರು ಅಂತ ಹೇಳಿ, ತಪ್ಪು ತಿದ್ದುತ್ತಾನೆ. ಯಾವ ತಪ್ಪು? ಹೇಡಿ ಅಂದದ್ದನ್ನಲ್ಲ. ಜೆಸ್ಸಿಗೆ ಇದ್ದದ್ದು ಮೂರು ಮಕ್ಕಳಲ್ಲ, ಎರಡು. ಅಷ್ಟು ಹೊತ್ತಿಗೂ ಅವನು ಜೆಸ್ಸಿ ಜೇಮ್ಸ್‌ನ ನಂಬರ್ ಒನ್ ಅಭಿಮಾನಿ.

ಸ್ಯಾಮ್ಯುಯೆಲ್ ಫುಲ್ಲರ್ ತನ್ನ ಮೊದಲ ಚಿತ್ರ 'ಐ ಶಾಟ್ ಜೆಸ್ಸಿ ಜೇಮ್ಸ್' (1949) ಮಾಡಿದಾಗಲೇ ಜೆಸ್ಸಿಯನ್ನ ಬೇಗ ಸಾಯಿಸಿ ಕೊಂದವನ ಹಿಂದೆ ಹೋಗಿದ್ದ. ದಾರಿ ತೋರಿಸಿದ್ದು ಅವನೇ. ಆದರೆ ಅಲ್ಲಿ ಬಾಬ್‌ಗೆ ಒಬ್ಬಳು ಪ್ರೇಯಸಿ, ಅವಳನ್ನ ಮದುವೆಯಾಗೋಕೆ ಕ್ಷಮಾದಾನ ಬೇಕು, ಅದಕ್ಕೇ ಕೊಲೆ. ಕಾರಣ ತೀರಾ ಸಲೀಸು.

ಡಾಮಿನಿಕ್ ಚಿತ್ರದ ಬಗ್ಗೆ ನನಗೊಂದು ಗಟ್ಟಿ ತಕರಾರಿದೆ. ಕೊನೆಯ ಏಳು ತಿಂಗಳಿಂದ ಶುರು ಮಾಡುವ ಈ ಕಟ್ಟೋಣದಿಂದ ರಾಬಿನ್ ಹುಡ್ ಸುಳ್ಳು ತಪ್ಪಿತು, ಸರಿ. ಜೊತೆಗೆ ಇನ್ನೊಂದು ದೊಡ್ಡ ನಿಜವೂ ಕತ್ತರಿಗೆ ಸಿಕ್ಕಿತು. ಗುಲಾಮಗಿರಿ ಉಳಿಸೋಕೆ ಹೋರಾಡಿದ ಕಡೆಯವನು ಜೆಸ್ಸಿ. ಎಡ್ವರ್ಡ್ಸ್ ಅವನನ್ನ ಹಾಡಿ ಹೊಗಳಿದ್ದು ಆ ಸೋತ ಕಡೆಯ ಸಿಟ್ಟಿಗೆ ಒಂದು ಮುಖ ಬೇಕಿತ್ತು ಅಂತ. ಅವನು ಫೇಮಸ್ ಆದ ಕಾರಣವೇ ಅದು. ಈ ಸಿನಿಮಾ ಫೇಮಸ್ ಆಗೋದರ ಬಗ್ಗೆ ಎರಡು ಗಂಟೆ ನಲವತ್ತು ನಿಮಿಷ ಯೋಚಿಸುತ್ತೆ, ಆದರೆ ಇವನೇ ಯಾಕೆ ಫೇಮಸ್ ಆದ ಅಂತ ಕೇಳಲ್ಲ. ಬ್ರಾಡ್ ಪಿಟ್‌ನ ಖಿನ್ನ ಮುಖ, ಗೋಧಿ ಹೊಲದ ಗಾಳಿ, ನಿಕ್ ಕೇವ್ ಪಿಯಾನೊ ಎಲ್ಲ ಸೇರಿ ಅವನೊಬ್ಬ ನೊಂದ ಜೀವ ಅನ್ನಿಸಿಬಿಡುತ್ತೆ. ಅವನ ಕೈಲಿ ಸತ್ತವರಿಗೆ ಇಷ್ಟು ಚೆಂದದ ಬೆಳಕು ಸಿಗಲಿಲ್ಲ. ಹೆಂಗಸರ ವಿಷಯವಂತೂ ಬಿಡಿ. ಜೆಸ್ಸಿಯ ಹೆಂಡತಿ ಜೀ ಪಾತ್ರಕ್ಕೆ ಮೇರಿ-ಲೂಯಿಸ್ ಪಾರ್ಕರ್ ಥರದ ನಟಿಯನ್ನ ಹಾಕಿಕೊಂಡು, ಹೆಚ್ಚುಕಡಿಮೆ ಒಂದು ಕಿರುಚಾಟಕ್ಕೆ ಕರೆಸಿದ ಹಾಗಾಗಿದೆ.

ಆದರೂ ಕೊನೆ ಹತ್ತು ನಿಮಿಷಕ್ಕೆ ನಾನು ಪ್ರತಿ ಸಲ ಸೋಲ್ತೀನಿ. ಕೊಲೊರಾಡೊದ ಕ್ರೀಡ್ ಅನ್ನೋ ಗಣಿ ಊರು. ಬಾಬ್ ಅಲ್ಲಿ ಸಲೂನ್ ಇಟ್ಟಿದ್ದಾನೆ. ವಯಸ್ಸು ಮೂವತ್ತು, ಕಾಣೋದು ಐವತ್ತರ ಥರ. ಡೊರೊಥಿ ಅನ್ನೋ ಹಾಡುಗಾರ್ತಿಗೆ ಮಾತ್ರ ಮನಸ್ಸು ಬಿಚ್ಚಿ ಹೇಳ್ತಾನೆ: ಜನ ಚಪ್ಪಾಳೆ ತಟ್ತಾರೆ ಅಂದುಕೊಂಡಿದ್ದೆ. ಎಡ್ವರ್ಡ್ ಒ'ಕೆಲ್ಲಿ ಅನ್ನೋನು ಬಂದೂಕು ಹಿಡಿದು ಒಳಗೆ ಬರ್ತಿರುವಾಗಲೇ ಹಿನ್ನೆಲೆ ದನಿ ಮುಂದಿನ ಕತೆಯನ್ನೆಲ್ಲ ಹೇಳಿಬಿಡುತ್ತೆ. ಒ'ಕೆಲ್ಲಿಗೆ ಜೀವಾವಧಿ ಆಗುತ್ತೆ, ಸಾವಿರಾರು ಜನ ಸಹಿ ಹಾಕಿದ ಅರ್ಜಿ ಹೋಗುತ್ತೆ, 1902ರಲ್ಲಿ ಬಿಡುಗಡೆಯೂ ಆಗುತ್ತೆ. ಬಾಬ್‌ನ ಹೆಣದ ಫೋಟೋ ಯಾರೂ ಮಾರಲ್ಲ. ಇವನೂ ಹೊಂಚು ಹಾಕಿ ಹಿಂದಿನಿಂದಲೇ ಬಂದವನು. ಇವನನ್ನ ಯಾರೂ ಹೇಡಿ ಅನ್ನಲಿಲ್ಲ.

ಒ'ಕೆಲ್ಲಿ ಹೆಸರು ಹಿಡಿದು ಕರೀತಾನೆ. ಬಾಬ್ ತಿರುಗ್ತಾನೆ. ಗುಂಡು ಹಾರೋದನ್ನ ನಾವು ನೋಡಲ್ಲ. ತಿರುಗಿದ ಆ ಮುಖದ ಮೇಲೆ, ಏನೋ ಹೇಳೋಕೆ ಹೊರಟ ಹಾಗಿರುವಾಗ, ಚಿತ್ರ ನಿಂತುಬಿಡುತ್ತೆ.